ಪೋಲೊ ತಗ್ಗಿಸಲು ಯಾವ ಸ್ಪ್ರಿಂಗ್, ಯಾವ ಶಾಕ್? ಬಿಡಿಭಾಗಗಳ ವಿಮರ್ಶೆ

ಗಾಡಿಯ ಎತ್ತರ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಗಾಡಿ ಎಷ್ಟು ಇಳಿಯುತ್ತೆ?’ ಎಂದು. ಇಳಿದ ಮೇಲೆ ಎಷ್ಟು ಉಳಿಯುತ್ತೆ ಎಂದು ಕೇಳುವವರು ಕಡಿಮೆ. ಚಕ್ರ ಗುಂಡಿಯ ಅಂಚಿಗೆ ಬಡಿದು ಮೇಲೇರುವಾಗ, ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡನ್ನು ಮುಟ್ಟುವವರೆಗೆ ಅದಕ್ಕೆ ಓಡಾಡಲು ಇರುವ ಜಾಗವೇ ಟ್ರಾವೆಲ್. ಈ ವಿಮರ್ಶೆಯಲ್ಲಿ ಪ್ರತಿಯೊಂದು ಭಾಗವನ್ನೂ ಅಳೆದಿರುವುದು ಆ ಒಂದೇ ಅಳತೆಗೋಲಿನಿಂದ. ಚೆಂದ ಕಾಣುವುದು, ಮೂಲೆಯಲ್ಲಿ ಗಟ್ಟಿ ನಿಲ್ಲುವುದು ಎಲ್ಲ ಆಮೇಲಿನ ಮಾತು.

ಉದಾಹರಣೆಗೆ ತೆಗೆದುಕೊಂಡ ಗಾಡಿ ಫೋಕ್ಸ್‌ವ್ಯಾಗನ್ ಪೋಲೊ. 2010ರಿಂದ 2022ರವರೆಗೆ ಪುಣೆ ಬಳಿಯ ಚಾಕಣದ ಕಾರ್ಖಾನೆಯಲ್ಲಿ ತಯಾರಾದದ್ದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು, ಅದರ ಕುಣಿತ ತಡೆಯುವ ಶಾಕು ಎರಡೂ ಒಂದೇ ಕಂಬದಲ್ಲಿ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂದಿನ ಚಕ್ರಗಳನ್ನು ಬೆಸೆಯುವ ತೊಲೆ. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ. ಸ್ವಿಫ್ಟ್, ಐ20 ಮೊದಲಾದ ನಮ್ಮ ಊರಿನ ಬಹುತೇಕ ಸಣ್ಣ ಕಾರುಗಳ ಕಟ್ಟಡವೂ ಹೀಗೆಯೇ ಇರುವುದರಿಂದ ಇಲ್ಲಿನ ಲೆಕ್ಕಾಚಾರ ಅವಕ್ಕೂ ಹೊಂದುತ್ತದೆ. ಪಾರ್ಟ್ ನಂಬರ್ ಮಾತ್ರ ಆಯಾ ಗಾಡಿಯದ್ದೇ ನೋಡಬೇಕು.

ಪೆಟ್ಟಿಗೆ ಮೇಲಿನ ಸಂಖ್ಯೆಯನ್ನು ನಂಬುವ ಮುನ್ನ

ಸ್ಪ್ರಿಂಗ್ ಪೆಟ್ಟಿಗೆ ಮೇಲೆ ‘30 ಮಿ.ಮೀ.’ ಎಂದು ಬರೆದಿದ್ದರೆ ಅದು ಯುರೋಪಿನ ಪೋಲೊ ನಿಂತಿರುವ ಎತ್ತರದಿಂದ ಎಣಿಸಿದ 30. ನಮ್ಮಲ್ಲಿ ಮಾರಾಟವಾದ ಪೋಲೊ ಇಲ್ಲಿನ ರಸ್ತೆಗೆಂದೇ ಎತ್ತರಿಸಿ ಕೊಟ್ಟದ್ದು. ಆದ್ದರಿಂದ ಅದೇ ಸ್ಪ್ರಿಂಗ್ ನಮ್ಮ ಗಾಡಿಗೆ ಹಾಕಿದರೆ ಪೆಟ್ಟಿಗೆ ಹೇಳಿದ್ದಕ್ಕಿಂತ ಹೆಚ್ಚೇ ಕೂರುತ್ತದೆ. 45–50 ಮಿ.ಮೀ. ತಗ್ಗಿಸುವ ಸ್ಪ್ರಿಂಗನ್ನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ ಎಂದು ಹೇಳಲು ಈ ಒಂದು ಕಾರಣ ಸಾಕು.

ಎರಡನೆಯದು ಎಂಜಿನ್ ತೂಕ. ಸ್ಪ್ರಿಂಗ್ ತಯಾರಕರು ಒಂದೇ ಮಾದರಿಯ ಕಾರಿಗೂ ಮುಂದಿನ ಆಕ್ಸಲ್ ಮೇಲೆ ಬೀಳುವ ತೂಕ ನೋಡಿ ಬೇರೆ ಬೇರೆ ಸೆಟ್ ಮಾಡುತ್ತಾರೆ. ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗೂ 1.5 ಅಥವಾ 1.6 ಟಿಡಿಐ ಡೀಸೆಲ್‌ಗೂ ತೂಕದಲ್ಲಿ ದೊಡ್ಡ ಅಂತರ. ಪೆಟ್ರೋಲ್ ಸೆಟ್ಟನ್ನು ಡೀಸೆಲ್ ಗಾಡಿಗೆ ಹಾಕಿದರೆ ಮೂಗು ನೆಲಕ್ಕೆ ಬಾಗುತ್ತದೆ. ಡೀಸೆಲ್ ಸೆಟ್ಟನ್ನು ಪೆಟ್ರೋಲ್‌ಗೆ ಹಾಕಿದರೆ ಮುಂಭಾಗ ಇಳಿಯುವುದೇ ಇಲ್ಲ, ಜೊತೆಗೆ ಮರದ ಗಾಲಿಯಂತೆ ಕುಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಬೀಳುವ ಹಳ್ಳ ಇದೇ. ಜರ್ಮನಿಯಿಂದ ಬಂದ ಸ್ಪ್ರಿಂಗಿನ ಸುರುಳಿ ಮೇಲೆ ಪಾರ್ಟ್ ನಂಬರ್ ಅಚ್ಚಾಗಿರುತ್ತದೆ, ಕೊನೆಗೆ ‘ವಿಎ’ ಅಥವಾ ‘ಎಚ್‌ಎ’ ಎಂದಿರುತ್ತದೆ. ವಿಎ ಅಂದರೆ ಮುಂದಿನ ಆಕ್ಸಲ್, ಎಚ್‌ಎ ಅಂದರೆ ಹಿಂದಿನದು. ಜರ್ಮನ್ ಪದಗಳ ಮೊದಲಕ್ಷರ. ಆ ನಂಬರನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ, ನಿಮ್ಮ ಎಂಜಿನ್ ಅದರಲ್ಲಿದೆಯೇ ನೋಡಿ, ಆಮೇಲೆ ದುಡ್ಡು ಕೊಡಿ. ನಂಬರ್ ಅಳಿಸಿಹೋಗಿರುವ, ಮೇಲೆ ಹೊಸ ಬಣ್ಣ ಬಳಿದಿರುವ ಸ್ಪ್ರಿಂಗ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಹಂಪ್ ಲೆಕ್ಕ

ನಮ್ಮಲ್ಲಿ ಗಾಡಿ ಇಳಿಸುವವರಿಗೆ ಮೊದಲ ಭಯ ಹಂಪ್. ಅದಕ್ಕೊಂದು ಲೆಕ್ಕ ಹಾಕಿಬಿಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಎಂಬ ಮಾರ್ಗಸೂಚಿಯ 1988ರ ಆವೃತ್ತಿ ಹೇಳಿದ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಪೋಲೊದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 2.47 ಮೀಟರ್. ಹಾಗಾಗಿ ಗಾಡಿ ಆ ಹಂಪಿನ ನಟ್ಟನಡುವೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಚಕ್ರ ನಿಂತ ಜಾಗವೇ 5.6 ಸೆಂ.ಮೀ. ಎತ್ತರದಲ್ಲಿರುತ್ತದೆ. ಹೊಟ್ಟೆಯಡಿಗೆ ಎದ್ದು ಬರುವುದು ಬರೀ 4.5 ಸೆಂ.ಮೀ. ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿ.ಮೀ. ಇರುವ ಪೋಲೊವನ್ನು 30 ಇಳಿಸಿದರೂ 135 ಉಳಿಯುತ್ತದೆ. ಇಂಥ ಹಂಪ್ ಅದಕ್ಕೆ ಲೆಕ್ಕವೇ ಅಲ್ಲ.

ಆದರೆ ಊರಿನವರು ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ ಉಬ್ಬು ಹಾಗಿರುವುದಿಲ್ಲ. ಎರಡಡಿ ಅಗಲ, ಅರ್ಧ ಅಡಿ ಎತ್ತರ. ಚಕ್ರಗಳು ಎರಡೂ ಬದಿಯ ಸಮ ನೆಲದಲ್ಲಿ ನಿಂತಿರುವಾಗ ಅಷ್ಟೂ ಎತ್ತರ ಹೊಟ್ಟೆಗೆ ಬರುತ್ತದೆ: 150 ಮಿ.ಮೀ. ಕಂಪನಿ ಎತ್ತರದಲ್ಲಿ ಕೂದಲೆಳೆಯಲ್ಲಿ ದಾಟುವ ಗಾಡಿ 135ರಲ್ಲಿ ಖಂಡಿತ ಕೆರೆಯುತ್ತದೆ. ಓರೆಯಾಗಿ ಹತ್ತಿಸಿದರೆ ಒಂದು ಚಕ್ರ ಉಬ್ಬಿನ ಮೇಲಿರುವಷ್ಟು ಹೊತ್ತು ಕೊಂಚ ಎತ್ತರ ಸಿಗುತ್ತದೆ, ಅಷ್ಟೇ. ನೀವು ದಿನಾ ಓಡಾಡುವ ದಾರಿಯಲ್ಲಿ ಇಂಥದ್ದು ಎಷ್ಟಿವೆ ಎಂದು ಟೇಪ್ ಹಿಡಿದು ಅಳೆದು ಬನ್ನಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನ ತಲೆಯಲ್ಲಿರುವ ಮೂಲೆಯನ್ನೂ ಮರೆಯಬೇಡಿ. ಹೊಟ್ಟೆ ಕೆರೆಯುವ ಜಾಗ ಬಹಳ ಸಲ ರಸ್ತೆಯಲ್ಲ, ಅದು.

ಆಯ್ಕೆ ಒಂದು: ಇರುವ ಸ್ಪ್ರಿಂಗ್ ಕತ್ತರಿಸುವುದು

ಇದನ್ನು ಬೇಗ ಮುಗಿಸೋಣ. ಬೇಡ. ಆರು ಕೆಲಸ ಮಾಡುವ ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಸ್ಪ್ರಿಂಗ್ ಶೇ 20ರಷ್ಟು ಗಡುಸಾಗುತ್ತದೆ ಎಂಬುದು ನಿಜ. ಅಷ್ಟರಿಂದ ಕಳೆದುಕೊಂಡ ಟ್ರಾವೆಲ್ ತುಂಬಿ ಬರುವುದಿಲ್ಲ. ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ತುದಿ ಕೂರುವ ತಟ್ಟೆಯಲ್ಲಿ, ಕೂರಲೆಂದೇ ರೂಪಿಸಿದ ಕೊನೆಯ ಸುತ್ತು ಹೋಗಿರುತ್ತದೆ. ಗ್ಯಾಸ್ ಕಟಿಂಗ್ ಮಾಡಿಸಿದ್ದರೆ ಆ ಬಿಸಿಗೆ ಉಕ್ಕಿನ ಹದ ಕೆಟ್ಟು, ಆ ಜಾಗದಲ್ಲೇ ಮುಂದೊಂದು ದಿನ ಮುರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ: ಚಕ್ರ ಗುಂಡಿಗೆ ಪೂರ್ತಿ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಸೀಟಿನಿಂದ ಜಾರುತ್ತದೆ. ಹಿಂದಿನ ಬೀಮಿನಲ್ಲಿ ಅದು ಹೊರಗೇ ಉರುಳಬಹುದು.

ಆಯ್ಕೆ ಎರಡು: ಬರೀ ಲೋವರಿಂಗ್ ಸ್ಪ್ರಿಂಗ್, ಶಾಕ್ ಹಳೆಯದೇ

ಹೆಚ್ಚು ಜನ ಆರಿಸಿಕೊಳ್ಳುವುದು ಇದನ್ನೇ. ಐಬಾಕ್‌ನ ಪ್ರೊ-ಕಿಟ್, ಎಚ್ ಅಂಡ್ ಆರ್‌ನ ಸ್ಪ್ರಿಂಗ್‌ಗಳು ಎರಡೂ ಜರ್ಮನಿಯವು. ಎರಡರ ಉಕ್ಕು, ಲೇಪನ, ಅಳತೆಯ ನಿಖರತೆಯ ಬಗ್ಗೆ ತಕರಾರಿಲ್ಲ. ಐಬಾಕ್‌ನಲ್ಲೇ ಸ್ಪೋರ್ಟ್‌ಲೈನ್ ಎಂಬ ಇನ್ನೂ ತಗ್ಗಿನ ಸಾಲಿದೆ. ಮೇಲೆ ಹೇಳಿದ ಕಾರಣಕ್ಕೆ ಅದು ನಮ್ಮ ರಸ್ತೆಗಲ್ಲ. ಪ್ರೊ-ಕಿಟ್ ಪ್ರೊಗ್ರೆಸಿವ್ ಸ್ಪ್ರಿಂಗ್: ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿವೆ, ಇನ್ನೊಂದು ತುದಿಯಲ್ಲಿ ಬಿಡಿಬಿಡಿ. ಒತ್ತಾದ ಸುತ್ತುಗಳು ಮೊದಲು ಮುಚ್ಚಿಕೊಳ್ಳುತ್ತವೆ, ಅಲ್ಲಿಂದ ಮುಂದಕ್ಕೆ ಸ್ಪ್ರಿಂಗ್ ಗಡುಸು.

ಸಮಸ್ಯೆ ಸ್ಪ್ರಿಂಗಿನದಲ್ಲ, ಅದನ್ನು ಹಿಡಿಯಬೇಕಾದ ಶಾಕಿನದು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಕಂಪನಿ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ ಬಲ ಬೇಕು, ಬಂಪ್ ಸ್ಟಾಪ್‌ವರೆಗೆ ಜಾಗ 60 ಮಿ.ಮೀ. ಅಂದರೆ ನಿಂತ ಎತ್ತರದ ಮೇಲೆ 1,200 ನ್ಯೂಟನ್, ಸುಮಾರು 120 ಕೆ.ಜಿ. ಹೆಚ್ಚುವರಿ ಹೊಡೆತ ಬೀಳುವವರೆಗೆ ರಬ್ಬರು ಮುಟ್ಟುವುದಿಲ್ಲ. ಈಗ ಶೇ 30 ಗಡುಸಾದ ಸ್ಪ್ರಿಂಗ್ ಹಾಕಿ 30 ಮಿ.ಮೀ. ಇಳಿಸಿದಿರಿ. 26ನ್ನು 30ರಿಂದ ಗುಣಿಸಿದರೆ 780. ಸ್ಪ್ರಿಂಗ್ ಗಡುಸಾಗಿದ್ದರೂ 80 ಕೆ.ಜಿ. ಹೊಡೆತಕ್ಕೇ ಗಾಡಿ ಬಂಪ್ ಸ್ಟಾಪ್ ಮೇಲೆ ಕೂತಾಯಿತು. ‘ಲೋವರಿಂಗ್ ಸ್ಪ್ರಿಂಗ್ ತುಂಬ ಹಾರ್ಡ್’ ಎಂದು ದೂರುವವರಲ್ಲಿ ಬಹುಪಾಲು ಜನ ಅನುಭವಿಸುತ್ತಿರುವುದು ಸ್ಪ್ರಿಂಗಿನ ಗಡಸನ್ನಲ್ಲ, ಆ ರಬ್ಬರಿನ ಗಡಸನ್ನು.

ಹಿಂಬದಿಯಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಸಾಮಾನು ಸೇರಿ ಹಿಂದಿನ ಆಕ್ಸಲ್ ಮೇಲೆ 200 ಕೆ.ಜಿ. ಬಿತ್ತೆನ್ನಿ. ಒಂದೊಂದು ಸ್ಪ್ರಿಂಗಿಗೆ 100 ಕೆ.ಜಿ. ಮಿಲಿಮೀಟರಿಗೆ 25 ನ್ಯೂಟನ್ನಿನ ಸ್ಪ್ರಿಂಗ್ 39 ಮಿ.ಮೀ. ಕೂರುತ್ತದೆ. ಇಳಿಸಿದ ಮೇಲೆ ಉಳಿದಿದ್ದ ಜಾಗ 35 ಆಗಿದ್ದರೆ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವವರೆಗೂ ಆ ಗಾಡಿ ರಬ್ಬರ್ ತುಂಡಿನ ಮೇಲೆಯೇ ಸವಾರಿ ಮಾಡುತ್ತದೆ.

ಇನ್ನೊಂದು ಸೂಕ್ಷ್ಮ. ಗಾಡಿಯ ತೂಕ ಅಷ್ಟೇ ಇರುವಾಗ ಬೇಕಾಗುವ ಡ್ಯಾಂಪಿಂಗ್ (ಕುಣಿತಕ್ಕೆ ಶಾಕ್ ಒಡ್ಡುವ ತಡೆ) ಸ್ಪ್ರಿಂಗ್ ಗಡಸಿನ ವರ್ಗಮೂಲದ ಜೊತೆಗೆ ಏರುತ್ತದೆ. ಶೇ 30 ಗಡುಸಾದರೆ ಡ್ಯಾಂಪಿಂಗ್ ಶೇ 14ರಷ್ಟು ಹೆಚ್ಚಬೇಕು. ಹೊಸ ಶಾಕ್ ಹೇಗೋ ಸುಧಾರಿಸಿಕೊಳ್ಳಬಹುದು, 60,000 ಕಿ.ಮೀ. ಓಡಿದ ಶಾಕ್ ಸುಧಾರಿಸಿಕೊಳ್ಳುವುದಿಲ್ಲ. ಹಂಪ್ ದಾಟಿದ ಮೇಲೆ ಗಾಡಿ ಒಂದು ಸಲ ಎದ್ದು ಕೂರುವ ಬದಲು ಎರಡು ಮೂರು ಸಲ ತೂಗಾಡುತ್ತದೆ. ಆಮೇಲೆ ಸೀಲ್ ಸೋರುತ್ತದೆ. ಮತ್ತೆ ಎಲ್ಲ ಬಿಚ್ಚಬೇಕು, ಎರಡನೇ ಸಲ ಕೂಲಿ, ಎರಡನೇ ಸಲ ಅಲೈನ್‌ಮೆಂಟ್. ಉಳಿತಾಯ ಎಂದುಕೊಂಡದ್ದು ಅಲ್ಲೇ ಕರಗುತ್ತದೆ. ಶಾಕ್ ಹೊಸದಾಗಿದ್ದು, ಇಳಿಕೆ 25 ಮಿ.ಮೀ. ಒಳಗಿದ್ದು, ಹೆಚ್ಚಿನ ದಿನ ಒಬ್ಬರೋ ಇಬ್ಬರೋ ಓಡಾಡುವ ಗಾಡಿಯಾದರೆ ಮಾತ್ರ ಈ ಆಯ್ಕೆಗೆ ಒಪ್ಪಿಗೆ.

ಆಯ್ಕೆ ಮೂರು: ಸ್ಪ್ರಿಂಗ್ ಜೊತೆಗೆ ಗಿಡ್ಡ ಶಾಕ್

ನಮ್ಮ ತೀರ್ಮಾನ ಇದರ ಕಡೆಗೆ. ಬಿಲ್‌ಸ್ಟೈನ್‌ನಲ್ಲಿ ಹೆಸರುಗಳು ಗೊಂದಲ ಹುಟ್ಟಿಸುತ್ತವೆ, ಆದ್ದರಿಂದ ಬಿಡಿಸಿ ಹೇಳಬೇಕು. ಬಿ4 ಎಂದರೆ ಕಂಪನಿ ಶಾಕಿಗೆ ಬದಲಿ. ಬಿ6 ಗಡುಸಾದ ಮಾನೊಟ್ಯೂಬ್ (ಒಂದೇ ಕೊಳವೆಯ) ಶಾಕ್, ಉದ್ದ ಕಂಪನಿಯಷ್ಟೇ; ಕಂಪನಿ ಸ್ಪ್ರಿಂಗ್ ಉಳಿಸಿಕೊಳ್ಳುವವರಿಗೆ. ಬಿ8 ಅದೇ ಗುಣದ, ಆದರೆ ಗಿಡ್ಡ ಮಾಡಿದ ಶಾಕ್. ಲೋವರಿಂಗ್ ಸ್ಪ್ರಿಂಗ್ ಹಾಕುವವರಿಗೆ. ಬಿ12 ಎಂದರೆ ಬಿ8 ಶಾಕನ್ನೂ ಐಬಾಕ್ ಸ್ಪ್ರಿಂಗನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಕೊಟ್ಟದ್ದು. ಬಿ14, ಬಿ16 ಕಾಯ್ಲೋವರ್‌ಗಳು, ಅಂದರೆ ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್-ಶಾಕ್ ಸೆಟ್‌ಗಳು. ಡ್ಯಾಂಪಿಂಗ್ ತಿರುಗಿಸಿ ಬದಲಿಸಲು ಬರುವುದು ಬಿ16ರಲ್ಲಿ.

ಗಿಡ್ಡ ಎಂಬುದು ಯಾಕೆ ಮುಖ್ಯ? ಕಂಪನಿ ಶಾಕಿನ ದೇಹದ ಉದ್ದ ಕಂಪನಿ ಎತ್ತರಕ್ಕೆ ಮಾಡಿದ್ದು. ಗಾಡಿ ಇಳಿದಾಗ ಅದರ ಪಿಸ್ಟನ್ ದಿನಪೂರ್ತಿ ತಳದ ಹತ್ತಿರ ಓಡಾಡುತ್ತಿರುತ್ತದೆ. ಬಿ8ರಲ್ಲಿ ದೇಹವೇ ಮೋಟು, ಹಾಗಾಗಿ ಇಳಿಸಿದ ಎತ್ತರದಲ್ಲೂ ಮೇಲೆ ಹೋಗಲು ಜಾಗ ಸಿಗುತ್ತದೆ. ಚಕ್ರ ಜೋತುಬಿದ್ದಾಗಲೂ ರಾಡ್ ಕಡಿಮೆ ಹೊರಬರುವುದರಿಂದ ಗಿಡ್ಡ ಸ್ಪ್ರಿಂಗ್ ಸೀಟಿನಲ್ಲಿ ಬಿಗಿಯಾಗಿಯೇ ಉಳಿಯುತ್ತದೆ. ಮಾನೊಟ್ಯೂಬ್‌ನಲ್ಲಿ ಗ್ಯಾಸಿಗೂ ಎಣ್ಣೆಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಕಿಲೋಮೀಟರುಗಟ್ಟಲೆ ಕಲ್ಲುರಸ್ತೆಯಲ್ಲಿ ಓಡಿದರೂ ಎಣ್ಣೆ ನೊರೆಯಾಗಿ ಶಾಕ್ ಸೋಲುವುದಿಲ್ಲ. ಹಾಗೆಂದು ದೋಷವಿಲ್ಲ ಎಂದಲ್ಲ: ನಿಧಾನ ವೇಗದಲ್ಲಿ ಸಣ್ಣ ಸಣ್ಣ ಒಡಕುಗಳು ಸ್ಟೀರಿಂಗಿಗೆ ಕಂಪನಿ ಶಾಕಿಗಿಂತ ಹೆಚ್ಚು ತಿಳಿಯುತ್ತವೆ. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಗಾಡಿ ಕೂತ ಹಾಗೆ ಕೂತಿರುತ್ತದೆ. ಪೇಟೆಯೊಳಗೇ ಓಡಾಡುವವರಿಗೆ ಈ ಬದಲಾವಣೆ ಇಷ್ಟವಾಗಲಾರದು.

ಡಚ್ ಕಂಪನಿ ಕೋನಿಯ ಹಳದಿ ಬಣ್ಣದ ಸ್ಪೋರ್ಟ್ ಶಾಕ್ ಇನ್ನೊಂದು ಒಳ್ಳೆಯ ದಾರಿ. ರಿಬೌಂಡ್, ಅಂದರೆ ಶಾಕ್ ಮತ್ತೆ ಹಿಗ್ಗುವಾಗಿನ ತಡೆಯನ್ನು, ಮಾತ್ರ ತಿರುಗಿಸಿ ಗಟ್ಟಿ ಮಾಡಬಹುದು. ಬಂಪ್, ಅಂದರೆ ಕುಗ್ಗುವಾಗಿನ ತಡೆ, ಮೃದುವಾಗಿಯೇ ಉಳಿಯುತ್ತದೆ. ಗುಂಡಿಯ ಊರಿಗೆ ಅದೇ ಸರಿಯಾದ ಕ್ರಮ. ಅತಿ ಗಟ್ಟಿ ತಿರುವಿದರೆ ಮಾತ್ರ ಸಾಲು ಸಾಲು ಉಬ್ಬುಗಳಲ್ಲಿ ಸ್ಪ್ರಿಂಗ್ ಮೇಲೇಳಲು ಪುರುಸೊತ್ತೇ ಇಲ್ಲದೆ ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಕೂರುತ್ತದೆ. ಮೃದು ತುದಿಯಿಂದ ಶುರುಮಾಡಿ ಅರ್ಧ ಸುತ್ತಿನಂತೆ ಏರಿಸಿ ನೋಡಬೇಕು. ಜಪಾನಿನ ಕೆವೈಬಿ ಎಕ್ಸೆಲ್-ಜಿ ಒಳ್ಳೆಯ ಶಾಕೇ, ಆದರೆ ಅದು ಕಂಪನಿ ಶಾಕಿಗೆ ಬದಲಿ, ಗಿಡ್ಡದ್ದಲ್ಲ. ಅಂಗಡಿಯವರು ‘ಇದೂ ನಡೆಯುತ್ತೆ ಸಾರ್’ ಎಂದರೆ ಎರಡನೇ ಆಯ್ಕೆಯ ಲೆಕ್ಕ ನೆನಪಿರಲಿ.

ವಾರಕ್ಕೊಮ್ಮೆ ಕುಟುಂಬ ಸಮೇತ ಊರಿಗೆ ಹೋಗುವ ಗಾಡಿಯಾದರೆ ಇಳಿಸುವ ಆಸೆಯನ್ನೇ ಬಿಟ್ಟು, ಕಂಪನಿ ಸ್ಪ್ರಿಂಗಿಗೆ ಬಿ6 ಸಾಲಿನ ಶಾಕ್ ಹಾಕಿ. ನೋಟ ಬದಲಾಗುವುದಿಲ್ಲ, ಓಟ ಬದಲಾಗುತ್ತದೆ. ಆದರೆ ಕಂಪನಿ ಸ್ಪ್ರಿಂಗಿಗೆ ಬಿ8 ಹಾಕಲೇಬೇಡಿ. ಚಕ್ರ ಕೆಳಗೆ ಹೋಗಲು ಜಾಗವಿಲ್ಲದೆ ಪ್ರತಿ ಗುಂಡಿಗೂ ಶಾಕ್ ಒಳಗೇ ‘ಟಕ್’ ಎನ್ನುತ್ತದೆ.

ಆಯ್ಕೆ ನಾಲ್ಕು: ಕಾಯ್ಲೋವರ್

ಎತ್ತರ ನಮ್ಮ ಕೈಯಲ್ಲೇ ಇರಬೇಕು ಎನ್ನುವವರಿಗೆ. ನಮ್ಮ ಗಾಡಿ ಯುರೋಪಿನದ್ದಕ್ಕಿಂತ ಎತ್ತರ ಎಂಬ ಮೊದಲಿನ ತೊಡಕಿಗೂ ಇದು ಪರಿಹಾರ, ಏಕೆಂದರೆ ಅಳೆದು ನಿಲ್ಲಿಸಬಹುದು. ತೈವಾನಿನ ಬಿಸಿ ರೇಸಿಂಗ್‌ನ ಬಿಆರ್ ಸಾಲಿನಲ್ಲಿ 30 ಹಂತದ ನಾಬ್ ಇದೆ. ಅದು ಬಂಪ್, ರಿಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಸ್ಟ್ರಟ್ಟಿನ ಕೆಳಭಾಗವೇ ದಾರದ (ಸ್ಕ್ರೂವಿನ ಥ್ರೆಡ್) ಮೇಲೆ ತಿರುಗಿ ಎತ್ತರ ಬದಲಾಗುವುದರಿಂದ ಮುಂದೆ ಎಷ್ಟು ಇಳಿಸಿದರೂ ಶಾಕಿನ ಟ್ರಾವೆಲ್ ಕಡಿಮೆಯಾಗುವುದಿಲ್ಲ. ಜರ್ಮನಿಯ ಕೆಡಬ್ಲ್ಯೂ ವಿ1ರಲ್ಲಿ ಡ್ಯಾಂಪಿಂಗ್ ಕಾರ್ಖಾನೆಯಲ್ಲೇ ನಿಗದಿ, ವಿ2ರಲ್ಲಿ ರಿಬೌಂಡ್, ವಿ3ರಲ್ಲಿ ಎರಡೂ ಬೇರೆ ಬೇರೆ. ಸ್ವಂತವಾಗಿ ಜೋಡಿಸುವವರಿಗೆ ವಿ1 ಅಥವಾ ಬಿ14 ಸಾಕು. ತಿರುಗಿಸಲು ನಾಬ್ ಹೆಚ್ಚಿದಷ್ಟೂ ತಪ್ಪು ತಿರುಗಿಸಲು ಅವಕಾಶ ಹೆಚ್ಚು.

ಹಿಂಬದಿಯ ವಿಷಯ ಬೇರೆ. ಪೋಲೊದಲ್ಲಿ ಹಿಂದಿನ ಎತ್ತರ ಬದಲಿಸುವುದು ಸ್ಪ್ರಿಂಗ್ ಕೆಳಗಿನ ದಾರದ ಸೀಟು. ಶಾಕ್ ಪಕ್ಕದಲ್ಲಿ ತನ್ನ ಪಾಡಿಗಿದೆ. ಸೀಟು ಇಳಿಸಿದಷ್ಟೂ ಶಾಕ್ ಒಳಹೋಗುತ್ತದೆ, ಟ್ರಾವೆಲ್ ಕಡಿಮೆಯಾಗುತ್ತದೆ. ಮುಂದಿನ ನಿಯಮವನ್ನು ಹಿಂದಕ್ಕೂ ಅನ್ವಯಿಸಿಕೊಂಡವರ ಗಾಡಿಗಳು ಹಿಂಬದಿ ಕುಟ್ಟುತ್ತಾ ಓಡುವುದು ಇದಕ್ಕೇ.

ಕರಾವಳಿಯವರು ದಾರದ ಲೋಹ ನೋಡಿ ಕೊಳ್ಳಿ. ಕಾರವಾರದಿಂದ ಮಂಗಳೂರಿನವರೆಗೆ ಉಪ್ಪುಗಾಳಿ, ಮಳೆಗಾಲದ ಕೆಂಪು ಕೆಸರು ಎರಡೂ ಸೇರಿ ಎರಡು ಮಳೆಗಾಲದಲ್ಲಿ ದಾರ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅದು ಹೆಸರಿಗೆ ಮಾತ್ರ ಹೊಂದಿಸಬಲ್ಲ ಸಸ್ಪೆನ್ಷನ್. ಕೆಡಬ್ಲ್ಯೂನ ಸ್ಟೇನ್‌ಲೆಸ್ ದೇಹಕ್ಕೆ ಹೆಚ್ಚು ಕೊಡುವುದು ಅಲ್ಲಿ ದಂಡವಲ್ಲ. ಬೇರೆಯದಾದರೆ ಜೋಡಿಸುವಾಗಲೇ ದಾರವನ್ನು ಬ್ರಷ್‌ನಿಂದ ಉಜ್ಜಿ, ಮೇಣದಂಥ ತುಕ್ಕುನಿರೋಧಕ ಬಳಿಯಿರಿ. ಗ್ರೀಸ್ ಬೇಡ, ಅದು ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಯೇ ಮೇಲಿನ ಮೌಂಟ್ ರಬ್ಬರಿನದೇ ಇರಲಿ. ಲೋಹದ ಪಿಲ್ಲೋಬಾಲ್ ಮೌಂಟ್ ಟ್ರ್ಯಾಕಿಗೆ ಸರಿ. ನಮ್ಮ ಧೂಳಿಗೆ ಬೇಗ ಸವೆದು ಪ್ರತಿ ಕಲ್ಲಿಗೂ ಸದ್ದು ಮಾಡುತ್ತದೆ.

ಪೆಟ್ಟಿಗೆಯಲ್ಲಿ ಬಾರದ ಸಾಮಾನು

ದೊಡ್ಡ ಭಾಗಕ್ಕೆ ಹಣ ಹೊಂದಿಸಿದವರು ಸಣ್ಣದಕ್ಕೆ ಕೈ ಬಿಗಿಹಿಡಿಯುತ್ತಾರೆ. ಅದೇ ಆಮೇಲಿನ ಸದ್ದಿಗೆಲ್ಲ ಮೂಲ. ಮುಂದೆ ಒಂದೊಂದು ಬದಿಗೆ ಬೇಕಾದದ್ದು: ಸ್ಟ್ರಟ್ ಮೌಂಟ್, ಅದರಡಿಯ ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು, ರಾಡಿನ ತಲೆಯ ನಟ್, ಸ್ಟ್ರಟ್ಟನ್ನು ಚಕ್ರ ಹೊರುವ ಹಬ್‌ಗೆ ಕಚ್ಚಿಸುವ ಬೋಲ್ಟು ನಟ್ಟು, ಸ್ಟೆಬಿಲೈಸರ್ (ಗಾಡಿ ವಾಲದಂತೆ ಎರಡೂ ಬದಿಯನ್ನು ಬೆಸೆಯುವ ಸರಳು) ಲಿಂಕಿನ ನಟ್ಟುಗಳು. ಹಿಂದೆ ಒಂದೊಂದು ಬದಿಗೆ ಸ್ಪ್ರಿಂಗಿನ ಮೇಲಿನ ಕೆಳಗಿನ ರಬ್ಬರ್ ಪ್ಯಾಡ್, ಬಂಪ್ ಸ್ಟಾಪ್, ಶಾಕಿನ ಮೇಲಿನ ಮೌಂಟ್, ಕೆಳಗಿನ ಬೋಲ್ಟು. ಫೋಕ್ಸ್‌ವ್ಯಾಗನ್‌ನಲ್ಲಿ ‘ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ’ ಎಂದು ಬಿಗಿಸುವ ಬೋಲ್ಟುಗಳು ಬಿಗಿಯುವಾಗ ಹಿಗ್ಗುತ್ತವೆ, ಒಂದೇ ಸಲದ ಬಳಕೆಗೆ. ಹಳೆಯದನ್ನು ಮತ್ತೆ ಹಾಕಬೇಡಿ. ಇವನ್ನು ಕಂಪನಿ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟೇ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೌಂಟು, ಬೇರಿಂಗು ಸಿಗುತ್ತವೆ. ಕೊಳ್ಳುವಾಗ ಬೇರಿಂಗನ್ನು ಅಂಗೈ ಮೇಲಿಟ್ಟು ಒತ್ತಿ ತಿರುಗಿಸಿ ನೋಡಿ. ಎಲ್ಲಾದರೂ ತಡೆದರೆ, ಕರಕರ ಎಂದರೆ ವಾಪಸ್ ಕೊಡಿ.

ಬಂಪ್ ಸ್ಟಾಪ್ ಕತ್ತರಿಸಬೇಕೇ ಎಂಬುದನ್ನು ಸ್ಪ್ರಿಂಗ್ ಜೊತೆ ಬರುವ ಹಾಳೆ ಹೇಳುತ್ತದೆ, ಎಷ್ಟು ಮಿ.ಮೀ. ಎಂದೂ ಇರುತ್ತದೆ. ಸಾಮಾನ್ಯವಾಗಿ ಕತ್ತರಿಸುವುದು ದಪ್ಪ ತುದಿಯನ್ನು. ಚೂಪಾದ ತುದಿ ಮೊದಲು ಮೆತ್ತಗೆ ಮುಟ್ಟಲೆಂದು ಇರುವುದು, ಅದು ಉಳಿಯಬೇಕು. ‘ಜಾಗ ಸಿಗಲಿ’ ಎಂದು ಬಂಪ್ ಸ್ಟಾಪನ್ನೇ ಕಿತ್ತು ಬಿಸಾಡಿದರೆ ಪಿಸ್ಟನ್ ಶಾಕಿನ ತಳಕ್ಕೆ ಲೋಹಕ್ಕೆ ಲೋಹ ಬಡಿಯುತ್ತದೆ. ಶಾಕಿನ ಆಯುಸ್ಸು ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಕೂತಾಗ

ಮೊದಲು ಅಳತೆ. ಸಮ ನೆಲ, ಟೈರಿಗೆ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಇಂಧನ. ಗಾಡಿಯನ್ನು ನಾಲ್ಕಡಿ ಹಿಂದೆ ಮುಂದೆ ತಳ್ಳಿ, ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ಕೆಡುತ್ತದೆ.

ಜಾಕಿ ಎತ್ತಲು ಮಾತ್ರ. ಗಾಡಿ ನಿಲ್ಲಬೇಕಾದದ್ದು ಸ್ಟ್ಯಾಂಡಿನ ಮೇಲೆ. ಎರಡೂ ಬದಿ ಒಟ್ಟಿಗೆ ಎತ್ತಿ, ಇಲ್ಲದಿದ್ದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ಹೊರಬರುವುದಿಲ್ಲ. ಬ್ರೇಕ್ ಹೋಸ್, ಎಬಿಎಸ್ ವೈರು ಬಿಡಿಸಿ ಕಟ್ಟಿಡಿ. ಹಬ್ಬಿನ ಭಾರ ಹೋಸಿನ ಮೇಲೆ ಬೀಳಬಾರದು. ಪೋಲೊದಲ್ಲಿ ಸ್ಟ್ರಟ್ಟಿನ ಬುಡವನ್ನು ಹಬ್ ಸುತ್ತಲಿನಿಂದ ಅಪ್ಪಿಕೊಂಡಿರುತ್ತದೆ. ಬೋಲ್ಟು ತೆಗೆದ ಮೇಲೆ ಸೀಳಿಗೆ ಸ್ಪ್ರೆಡರ್ ಸಾಕೆಟ್ ಇಟ್ಟು ಕಾಲು ಸುತ್ತು ತಿರುಗಿಸಿದರೆ ಹಿಡಿತ ಸಡಿಲುತ್ತದೆ. ಅದರ ಬದಲು ಉಳಿ ತೂರಿಸಿ ಸುತ್ತಿಗೆಯಿಂದ ಹೊಡೆದರೆ ಹಬ್ ಬಿರುಕು ಬಿಡುತ್ತದೆ. ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಸಿಂಪಡಿಸಿಟ್ಟಿದ್ದರೆ ಅರ್ಧ ಜಗಳ ತಪ್ಪಿತು.

ಸ್ಪ್ರಿಂಗ್ ಕಂಪ್ರೆಸರ್ ಈ ಕೆಲಸದಲ್ಲೇ ಅತಿ ಅಪಾಯದ ಸಾಧನ. ಎರಡು ಕೊಕ್ಕೆ ಎದುರುಬದುರು ಹಾಕಿ, ಎರಡನ್ನೂ ನಾಲ್ಕು ನಾಲ್ಕು ಸುತ್ತಿನಂತೆ ಸಮವಾಗಿ, ಕೈಯ ಸ್ಪ್ಯಾನರ್‌ನಿಂದ ಬಿಗಿಯಿರಿ. ಗಾಳಿ ಗನ್ ಬಳಸಿದರೆ ಕೊಕ್ಕೆಯ ದಾರ ಬಿಸಿಯಾಗಿ ಕಿತ್ತುಬರಬಹುದು. ಮುಖವಾಗಲಿ ಹೊಟ್ಟೆಯಾಗಲಿ ಸ್ಟ್ರಟ್ಟಿನ ನೇರಕ್ಕೆ ಇರಬಾರದು. ತಲೆಯ ನಟ್ ಬಿಚ್ಚುವ ಮುನ್ನ ಮೇಲಿನ ಸೀಟನ್ನು ಕೈಯಿಂದ ಅಲುಗಿಸಿ: ಸ್ಪ್ರಿಂಗ್ ಸಡಿಲವಾಗಿದ್ದರೆ ಮಾತ್ರ ಮುಂದುವರಿಯಿರಿ. ರಾಡನ್ನು ಅಲೆನ್ ಕೀಯಿಂದ ಹಿಡಿದು ನಟ್ ತಿರುಗಿಸಿ. ಹೊಳೆಯುವ ರಾಡನ್ನು ಪ್ಲೈಯರ್‌ನಿಂದ ಹಿಡಿದರೆ ಬೀಳುವ ಒಂದು ಗೀರು ಸಾಕು, ಪ್ರತಿ ಸಲ ಒಳಹೋಗುವಾಗ ಸೀಲನ್ನು ಕೊಯ್ಯುತ್ತದೆ. ಹೊಸ ಸ್ಪ್ರಿಂಗ್ ಕೂರಿಸುವಾಗ ಅದರ ತುದಿ ಸೀಟಿನಲ್ಲಿರುವ ಮೆಟ್ಟಿಲಿಗೆ ತಾಗಬೇಕು. ಈ ಹಂತದಲ್ಲಿ ಧೂಳಿನ ಬೂಟನ್ನು ಮೇಲಕ್ಕೆ ಸರಿಸಿ ರಾಡಿಗೆ ಒಂದು ತೆಳು ಕೇಬಲ್ ಟೈ ಬಿಗಿದು, ಕೆಳಗೆ ಶಾಕಿನ ದೇಹಕ್ಕೆ ತಾಗುವಂತೆ ಇಳಿಸಿಡಿ. ಅದರ ಉಪಯೋಗ ಕೊನೆಗೆ.

ಹಿಂದೆ ಕೆಲಸ ಸುಲಭ. ಬೀಮಿಗೆ ಜಾಕಿ ಕೊಟ್ಟು, ಎರಡೂ ಶಾಕಿನ ಕೆಳ ಬೋಲ್ಟು ತೆಗೆದು, ಬೀಮನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್ ಎಳೆಯುತ್ತಿಲ್ಲ ಎಂಬುದನ್ನು ಮಾತ್ರ ನೋಡುತ್ತಿರಿ.

ಹೆಚ್ಚಿನ ಗ್ಯಾರೇಜುಗಳು ಬಿಟ್ಟುಬಿಡುವ ಹೆಜ್ಜೆ ಒಂದಿದೆ. ಬೀಮಿನ ಮುಂದಿನ ಬುಶ್, ಹಬ್ಬನ್ನು ಕೆಳಗಿನಿಂದ ಹಿಡಿಯುವ ಮುಂದಿನ ಲೋವರ್ ಆರ್ಮಿನ ಬುಶ್, ಹಿಂದಿನ ಶಾಕಿನ ಕೆಳ ಬುಶ್ ಇವೆಲ್ಲ ರಬ್ಬರನ್ನು ಲೋಹಕ್ಕೆ ಅಂಟಿಸಿ ಮಾಡಿದವು; ತಿರುಗುವುದಿಲ್ಲ, ತಿರುಚಿಕೊಳ್ಳುತ್ತವೆ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟು ಗಾಡಿ ಇಳಿಸಿದರೆ ರಬ್ಬರು ನಿಂತಲ್ಲೇ ತಿರುಚಿಕೊಂಡಿರುತ್ತದೆ: ಗಾಡಿ ಪೂರ್ತಿ ಇಳಿಯುವುದಿಲ್ಲ, ಬುಶ್ ಬೇಗ ಹರಿಯುತ್ತದೆ. ಈ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಚಕ್ರದ ಮೇಲೆ ಗಾಡಿಯ ಭಾರ ಬಿಟ್ಟು, ಒಮ್ಮೆ ತಳ್ಳಿ ಕೂರಿಸಿ, ಆಮೇಲೆ ಅಂತಿಮ ಟಾರ್ಕ್ ಕೊಡಬೇಕು. ಕೆಳಗೆ ತೂರಲು ಜಾಗ ಸಾಲದಿದ್ದರೆ ಜಾಕಿಯಿಂದ ಹಬ್ಬನ್ನು ಹೊಸ ಎತ್ತರದ ಅಳತೆಗೆ ಎತ್ತಿ ಬಿಗಿಯಿರಿ. ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಸದ್ದು ಮತ್ತು ಅಲೈನ್‌ಮೆಂಟ್

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಟೊಂಯ್’ ಎಂದರೆ ಸ್ಪ್ರಿಂಗ್ ತುದಿ ಮೆಟ್ಟಿಲಿಗೆ ಕೂತಿಲ್ಲ, ಅಥವಾ ಬೇರಿಂಗ್ ಹಿಡಿದಿದೆ. ಸಣ್ಣ ಕಲ್ಲಿಗೂ ‘ಟಕಟಕ’ ಎಂದರೆ ಸ್ಟೆಬಿಲೈಸರ್ ಲಿಂಕ್ ಅಥವಾ ತಲೆಯ ನಟ್ ಸಡಿಲ. ಹಂಪ್ ಇಳಿದಾಗ ಹಿಂದಿನಿಂದ ‘ಧಪ್’ ಎಂದರೆ ಟ್ರಾವೆಲ್ ಮುಗಿದಿದೆ. ಯಾವ ನಟ್ ಬಿಗಿದರೂ ಅದು ಹೋಗುವುದಿಲ್ಲ.

ಗಾಡಿ ಇಳಿದಾಗ ಮುಂದಿನ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ; ಸರಿಪಡಿಸದೆ ಓಡಿಸಿದರೆ ಟೈರಿನ ಒಳ ಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಸವೆಯುತ್ತದೆ. ಜೋಡಿಸಿದ ದಿನ ಒಮ್ಮೆ ಟೋ ನೋಡಿಸಿ, ಸ್ಪ್ರಿಂಗ್ ಕೂತ ಮೇಲೆ, ಅಂದರೆ 300 ಕಿ.ಮೀ. ಸುಮಾರಿಗೆ, ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಹಿಂದಿನ ಬೀಮಿನಲ್ಲಿ ಟೋ, ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲಿರುವ ಕೋನ) ತಿರುಗಿಸುವ ಬೋಲ್ಟು ಇಲ್ಲ. ಅಲ್ಲಿಗೂ ದುಡ್ಡು ಕೇಳುವ ಅಂಗಡಿಯಲ್ಲಿ ಏನು ತಿರುಗಿಸುತ್ತೀರಿ ಎಂದು ಕೇಳಿ. ಅತಿಯಾಗಿ ಇಳಿಸಿದ ಗಾಡಿ ಮೂಲೆಯಲ್ಲಿ ಇನ್ನೂ ಹೆಚ್ಚು ವಾಲುವುದೂ ಉಂಟು. ಲೋವರ್ ಆರ್ಮ್ ಅಡ್ಡಗೆರೆ ದಾಟಿ ಮೇಲ್ಮುಖವಾದಾಗ ರೋಲ್ ಸೆಂಟರ್ (ಗಾಡಿ ವಾಲುವಾಗ ಸುತ್ತ ತಿರುಗುವ ಕಾಲ್ಪನಿಕ ಬಿಂದು) ಗಾಡಿಯ ದೇಹಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ವಾಲಿಸುವ ಸನ್ನೆಯ ಉದ್ದ ಹೆಚ್ಚುತ್ತದೆ. 30 ಮಿ.ಮೀ.ಗೆ ನಿಲ್ಲಿಸಿ ಎನ್ನುವುದಕ್ಕೆ ಹಂಪ್ ಬಿಟ್ಟರೆ ಇದೇ ಎರಡನೇ ಕಾರಣ. ಹೆಡ್‌ಲೈಟ್ ಕಿರಣವನ್ನೂ ಗೋಡೆಗೆ ಬಿಟ್ಟು ಮತ್ತೆ ಹೊಂದಿಸಿ.

ಕಾನೂನನ್ನೂ ತಿಳಿದೇ ಮುಂದುವರಿಯಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ 182ಎ ಕಲಂನಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಇವೆ. ಸ್ಪ್ರಿಂಗ್ ಪೆಟ್ಟಿಗೆಯಲ್ಲಿ ಬರುವ ಜರ್ಮನ್ ಪ್ರಮಾಣಪತ್ರ ಇಲ್ಲಿನ ಅನುಮತಿಯಲ್ಲ. ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ತೆಗೆದ ಕಂಪನಿ ಸ್ಪ್ರಿಂಗು ಶಾಕುಗಳನ್ನು ಎಣ್ಣೆ ಸವರಿ ಎತ್ತಿಡಿ.

ಇನ್ನು ಆ ಕೇಬಲ್ ಟೈ. ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲಿ, ಒಂದು ದಿನ ನಾಲ್ಕು ಜನ ಕೂತು ಓಡಿಸಿ. ಆಮೇಲೆ ಚಕ್ರ ತೆಗೆದು ಬೂಟು ಸರಿಸಿ ನೋಡಿ. ಟೈ ರಾಡಿನಲ್ಲಿ ಎಷ್ಟು ಮೇಲೆ ಸರಿದಿದೆಯೋ ಶಾಕ್ ಅಷ್ಟು ಒಳಹೋಗಿದೆ. ಬಂಪ್ ಸ್ಟಾಪಿನ ಚೂಪು ತುದಿಗೆ ತಾಗಿ ನಿಂತಿದ್ದರೆ ಆಯ್ಕೆ ಸರಿ. ರಬ್ಬರು ಅರ್ಧಕ್ಕಿಂತ ಹೆಚ್ಚು ಒತ್ತಿಹೋಗಿ, ಟೈ ಅದರೊಳಗೆ ಸಿಕ್ಕಿಕೊಂಡು ನಜ್ಜಾಗಿದ್ದರೆ ಕಾಯ್ಲೋವರ್‌ನವರು ಎತ್ತರವನ್ನು 10 ಮಿ.ಮೀ. ಏರಿಸಿ ಮತ್ತೆ ಅಳೆಯಿರಿ. ಬರೀ ಸ್ಪ್ರಿಂಗ್ ಹಾಕಿದವರು ಗಿಡ್ಡ ಶಾಕಿಗೆ ಹಣ ಎತ್ತಿಡಿ.